ಕಂಬಿಯ ಪಕ್ಕದ ನೀರು

ಹುಡುಗ ಮುಳುಗಿದ್ದು ಕಂಡಿತು, ಆಮೇಲೆ ಎಲ್ಲಿ ಹೋದನೆಂದು ಕಾಣಲಿಲ್ಲ. ಆಟಕ್ಕೆ ಮುಳುಗಿದವನು, ಈಜು ಚೆನ್ನಾಗಿ ಬಲ್ಲವನು. ಆದರೂ ಕಾವಲು ಕುರ್ಚಿಯ ಮೇಲೆ ಕೂತ ನನ್ನ ಕಣ್ಣಿಗೆ ಆಳದ ಕಡೆ ಕಂಡದ್ದು ಹಾಲು ಕದಡಿದಂಥ ಬಿಳುಪು ಮಾತ್ರ. ಅವನು ಎಲ್ಲೋ ಆಚೆ ತಲೆಯೆತ್ತಿ ಹಲ್ಲು ಕಿರಿದ. ಸೀಟಿ ಬಾಯಿಗಿಟ್ಟು ಎದೆಯಲ್ಲಿ ಉಸಿರಿರುವಷ್ಟೂ ಊದಿದೆ.

"ಎಲ್ಲರೂ ಮೇಲೆ ಬನ್ನಿ! ಈಗಲೇ! ಕೊಳ ಬಂದ್!"

ಸಂಜೆ ಬ್ಯಾಚಿನ ಶಾಲೆಯ ಹುಡುಗರು ಗೊಣಗುತ್ತ ಮೇಲೆ ಬಂದರು. ಅವರನ್ನು ಕರೆತರುವ ಪಿ.ಟಿ. ಮೇಷ್ಟ್ರು ಸೀದಾ ನನ್ನ ಅಣ್ಣನ ಹತ್ತಿರ ಹೋದರು. "ಸ್ಪರ್ಧೆ ಹತ್ತಿರ ಬಂತು. ಇಂಥ ನೀರು ಇಟ್ಕೊಂಡು ಕೂತಿದ್ದೀರಲ್ಲ ಸ್ವಾಮಿ" ಎಂದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಮೂಲೆಗಳಲ್ಲಿ ಪಾಚಿ ಹಸಿರು ಬಟ್ಟೆಯ ಹಾಗೆ ಹಬ್ಬಿತ್ತು, ಮೆಟ್ಟಿಲು ಜಾರುತ್ತಿತ್ತು.

ಕೊಳ ನಮ್ಮಪ್ಪ ಕಟ್ಟಿಸಿದ್ದು. ಅಪ್ಪ ತೀರಿಕೊಂಡ ಮೇಲೆ ಅಣ್ಣನೇ ಯಜಮಾನ. ಅಮ್ಮ ಟಿಕೆಟ್ ಕಿಟಕಿಯಲ್ಲಿ ಕೂರುತ್ತಾಳೆ. ಈಜು ಕಲಿಸುವುದು, ಕುರ್ಚಿ ಹತ್ತಿ ಕಾಯುವುದು ನನ್ನ ಪಾಲಿನದು. ಜೀವರಕ್ಷಕಿಯ ತರಬೇತಿ ಆದವಳು ಮೂವರಲ್ಲಿ ನಾನೊಬ್ಬಳೇ.

ಅಣ್ಣ ಮೇಷ್ಟ್ರ ಮುಂದೆ ಕೈ ಹೊಸೆದ. ಆಮೇಲೆ ನಾನು ಅಲ್ಲೇ ನಿಂತಿದ್ದೇನೆ ಎಂಬ ಪರಿವೆಯೂ ಇಲ್ಲದೆ ಹೇಳಿದ: "ಏನ್ಮಾಡೋದು ಸಾರ್, ಬೆಳಿಗ್ಗೆ ಹೆಂಗಸರ ಬ್ಯಾಚು. ತಲೆಗೆ ಎಣ್ಣೆ, ಮೈಗೆ ಕ್ರೀಮು, ಮುಖಕ್ಕೆ ಪೌಡರು. ಎಲ್ಲ ತಂದು ನೀರಿಗೆ ಬಿಟ್ರೆ ಯಾವ ಔಷಧಿ ತಾನೆ ಕೆಲಸ ಮಾಡುತ್ತೆ?"

ನನ್ನ ಪಿತ್ತ ನೆತ್ತಿಗೇರಿತು. ಫುಟ್‌ಬಾಲ್ ಮೈದಾನದ ಅರ್ಧ ಮಣ್ಣನ್ನು ಮೊಣಕಾಲಿಗೆ ಮೆತ್ತಿಕೊಂಡು ಬಂದು ದುಡುಂ ಎಂದು ಹಾರುವ ಹುಡುಗರನ್ನು ಹಿಂದಿಟ್ಟುಕೊಂಡು ಆಡಿದ ಮಾತದು. ಹೆಂಗಸರು ಮೊದಲು ಷವರಿಗೆ ನಿಂತು, ತಲೆಗೆ ಟೋಪಿ ಹಾಕಿಕೊಳ್ಳದೆ ನೀರಿಗೆ ಕಾಲಿಡುವಂತಿಲ್ಲ. ಟೋಪಿ ಮರೆತು ಬಂದವರನ್ನು ನಾನೇ ಮುಲಾಜಿಲ್ಲದೆ ವಾಪಸು ಕಳಿಸಿದ್ದೇನೆ. ಹುಡುಗರಿಗೆ ಷವರು ಎಂದರೆ ಒಬ್ಬರ ಮೇಲೊಬ್ಬರು ನೀರೆರಚುವ ಆಟ.

"ಅಣ್ಣ, ಬಾಯಿಗೆ ಬಂದಿದ್ದು ಹೇಳ್ಬೇಡ" ಎಂದೆ.

"ಹೊರಗಿನವರ ಮುಂದೆ ಕಿರುಚಬೇಡ" ಎಂದು ಹೇಳಿ ಅವನು ಮೇಷ್ಟ್ರನ್ನು ಕರೆದುಕೊಂಡು ಗೇಟಿನ ಕಡೆ ನಡೆದ.

ಮಾರನೆಯ ಬೆಳಿಗ್ಗೆ ನಾನು ಬರುವಷ್ಟರಲ್ಲಿ ಗೇಟಿಗೆ ಬೋರ್ಡು ಬಿದ್ದಿತ್ತು. ನೀರಿನ ಶುಚಿತ್ವದ ದೃಷ್ಟಿಯಿಂದ ಹೆಂಗಸರ ತರಗತಿಯನ್ನು ರದ್ದುಪಡಿಸಲಾಗಿದೆ. ಅಕ್ಷರ ದುಂಡಗೆ, ಅಣ್ಣನದೇ. ಹೆಂಗಸರೆಲ್ಲ ಚೀಲ ಹಿಡಿದು ಅದರ ಮುಂದೆ ನಿಂತಿದ್ದರು. ಬಸ್ ಕಂಡಕ್ಟರ್ ಕೆಲಸದವಳು ಡ್ಯೂಟಿಗೆ ಮುಂಚೆ ಓಡಿ ಬಂದಿದ್ದಳು. ಈಜುವುದಕ್ಕಿಂತ ಹರಟುವುದರಲ್ಲಿ ಎತ್ತಿದ ಕೈ ಎನಿಸಿದ ಇಬ್ಬರು ನಿವೃತ್ತ ಟೀಚರುಗಳು ಅವತ್ತು ತುಟಿ ಪಿಟಕ್ಕೆನ್ನಲಿಲ್ಲ. ಎಲ್ಲರಿಗಿಂತ ಮುಂದೆ ಟೈಲರಮ್ಮ.

ಟೈಲರಮ್ಮನ ಬಗ್ಗೆ ಹೇಳಲೇಬೇಕು. ವರ್ಷಾನುಗಟ್ಟಲೆ ಮೆಷಿನ್ನಿನ ಮುಂದೆ ಬಗ್ಗಿ ಅವಳ ಬೆನ್ನು ಹಿಡಿದುಹೋಗಿತ್ತು. ಮೊದಲ ಸಲ ನನ್ನ ಹತ್ತಿರ ಬಂದಾಗ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ನೀರಿಗಿಳಿಸಿ, ಕೈಮೇಲೆ ತೇಲಿಸಿ, ನಿಧಾನಕ್ಕೆ ಕಾಲು ಬಡಿಯಲು ಕಲಿಸಿದೆ. ಈಗ ಕೊಳದ ಉದ್ದಕ್ಕೂ ಹೋಗಿ ಬರುತ್ತಾಳೆ, ಮೇಲೆ ಹತ್ತಿ ಬೆನ್ನು ಸೆಟೆಸಿ ನಿಲ್ಲುತ್ತಾಳೆ. ಈ ಒಂದು ಗಂಟೆ ತಪ್ಪಿದ ದಿನ ಅವಳಿಗೆ ಮಧ್ಯಾಹ್ನದ ಮೇಲೆ ಮೆಷಿನ್ ತುಳಿಯಲಾಗುವುದಿಲ್ಲ. ಬೇರೆ ಹೊತ್ತಿನಲ್ಲಿ ಗಂಡಸರ ಜೊತೆ ಇಳಿಯಲು ಮನೆಯಲ್ಲಿ ಬಿಡುವುದಿಲ್ಲ, ಅವಳಿಗೂ ಮನಸ್ಸಿಲ್ಲ.

ಅವಳು ಬೋರ್ಡನ್ನು ಎರಡು ಸಲ ಓದಿದಳು. ಆಮೇಲೆ ಯಾರಿಗೂ ಕಾಣದ ಹಾಗೆ, ಅಂದರೆ ಎಲ್ಲರಿಗೂ ಕಾಣುವ ಹಾಗೆ, ತನ್ನ ತೋಳನ್ನೇ ಮೂಸಿ ನೋಡಿಕೊಂಡಳು.

"ನಾವು ಅಷ್ಟು ಗಲೀಜಾ ಅಕ್ಕ?"

ನಾಲಿಗೆಯ ತುದಿಗೆ ಬಂದ ಬೈಗುಳ ನುಂಗಿಕೊಂಡೆ. "ಒಂದು ವಾರ ತಡೀರಿ" ಎಂದಷ್ಟೇ ಹೇಳಿ ಒಳಗೆ ಹೋದೆ.

ಅಣ್ಣ ಕಂಬಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನೀರು ಪರೀಕ್ಷೆ ಮಾಡುತ್ತಿದ್ದ. ಆಳವಿಲ್ಲದ ತುದಿಯಲ್ಲಿ ಮೆಟ್ಟಿಲಿಗೆ ಸೇರಿದಂತೆ ಒಂದು ಕಂಬಿಯಿದೆ. ಅಪ್ಪ ಅದನ್ನು ಎಡಗೈಯಲ್ಲಿ ಹಿಡಿದು, ಬಲಗೈಯಲ್ಲಿ ಗಾಜಿನ ಕೊಳವೆ ಮುಳುಗಿಸಿ ನೀರು ತೆಗೆಯುತ್ತಿದ್ದ. ಅಣ್ಣನೂ ಹಾಗೆಯೇ, ಅದೇ ಜಾಗ, ಅದೇ ಎಡಗೈ. ನಮ್ಮ ಮನೆಯಲ್ಲಿ ಅದು ಒಂದು ಶಾಸ್ತ್ರವೇ ಆಗಿಬಿಟ್ಟಿತ್ತು. ಕೊಳವೆಗಳು ಎರಡು. ಒಂದಕ್ಕೆ ಹನಿ ಬಿಟ್ಟರೆ ಹಳದಿ ಬರಬೇಕು, ಬಂದರೆ ಕ್ಲೋರಿನ್ ಇದೆ ಎಂದು ಅರ್ಥ. ಇನ್ನೊಂದರಲ್ಲಿ ನೀರು ಹುಳಿಯ ಕಡೆ ವಾಲಿದೆಯೋ ಸುಣ್ಣದ ಕಡೆ ವಾಲಿದೆಯೋ ಗೊತ್ತಾಗುತ್ತದೆ. ಕೇಸರಿಗೆಂಪು ಬಂದರೆ ಸರಿ, ನೇರಳೆಯ ಕಡೆ ಹೋದರೆ ಸುಣ್ಣ ಹೆಚ್ಚು. ಸುಣ್ಣದ ಕಡೆ ವಾಲಿದ ನೀರಿನಲ್ಲಿ ಕ್ಲೋರಿನ್ ಇದ್ದೂ ನಿದ್ದೆ ಹೊಡೆಯುತ್ತದೆ, ಪಾಚಿ ಹಾಯಾಗಿ ಬೆಳೆಯುತ್ತದೆ.

ಅಣ್ಣ ಎರಡೂ ಕೊಳವೆಗಳನ್ನು ನನ್ನ ಮೂಗಿಗೆ ಹಿಡಿದ. ಹಳದಿ ಹಳದಿಯಾಗಿತ್ತು, ಕೇಸರಿ ಕೇಸರಿಯಾಗಿತ್ತು.

"ನೋಡು. ಔಷಧಿ ಸರಿ ಇದೆ, ನೀರು ಸರಿ ಇದೆ. ಮತ್ತೆ ಬಿಳಿ ಯಾಕಾಯ್ತು? ಎಣ್ಣೆ. ಅಷ್ಟೇ. ನಿನ್ನ ಹೆಂಗಸರಿಗೆ ಬೇರೆ ಜಾಗ ನೋಡ್ಕೊಳ್ಳೋಕೆ ಹೇಳು."

"ನನ್ನ ಹೆಂಗಸರಂತೆ! ನಿನ್ನ ಅಮ್ಮ ಹೆಂಗಸಲ್ವಾ? ನಾನಲ್ವಾ?"

"ಎಲ್ಲದಕ್ಕೂ ಮೂಗಿನ ಮೇಲೆ ಕೋಪ ನಿಂಗೆ" ಎಂದು ಅವನು ಕೊಳವೆ ತೊಳೆದು ಪೆಟ್ಟಿಗೆಗೆ ಹಾಕಿದ.

ಕೋಪ ಬಂದಾಗ ನನಗೆ ಕೈ ಸುಮ್ಮನಿರಬಾರದು. ಉದ್ದ ಕೋಲಿನ ಬ್ರಷ್ ತಗೊಂಡು ಆಳದ ಕಡೆಯ ಗೋಡೆ ಉಜ್ಜಲು ಶುರು ಮಾಡಿದೆ. ಉಜ್ಜಿದಷ್ಟೂ ಹಸಿರು ಏಳುತ್ತಿತ್ತು. ಕ್ಲೋರಿನ್ ಇರುವ ನೀರಿನಲ್ಲಿ ಪಾಚಿ ಇಷ್ಟು ಮೆತ್ತಗೆ, ಇಷ್ಟು ಕೊಬ್ಬಿ ಬೆಳೆಯುವುದು ಹೇಗೆ? ಹಳದಿ ಬಂದದ್ದು ಸುಳ್ಳೇ? ಬ್ರಷ್ ಬಿಸಾಕಿ ಹೋಗಿ ಪೆಟ್ಟಿಗೆ ತಂದೆ. ಆಳದ ಮೂಲೆಯಲ್ಲಿ ಹೊಟ್ಟೆಯ ಮೇಲೆ ಮಲಗಿ, ಮೊಣಕೈಯವರೆಗೆ ತೋಳು ಇಳಿಸಿ ನೀರು ತೆಗೆದೆ. ಹನಿ ಬಿಟ್ಟೆ. ಹಳದಿ ಬರಲೇ ಇಲ್ಲ, ಕುಡಿಯುವ ನೀರಿನಂತೆ ಬಣ್ಣವಿಲ್ಲದೆ ನಿಂತಿತು. ಇನ್ನೊಂದು ಕೊಳವೆ ಮಾತ್ರ ನೇರಳೆಗೆ ತಿರುಗಿತು.

ಬಟ್ಟೆಯಲ್ಲೇ ನೀರಿಗೆ ಹಾರಿದೆ. ಶುದ್ಧವಾದ ನೀರು ಪಂಪಿನಿಂದ ಕೊಳಕ್ಕೆ ಬರಲು ಎರಡು ಕಿಂಡಿಗಳಿವೆ. ಒಂದು ಕಂಬಿಯ ಪಕ್ಕದಲ್ಲಿ, ಇನ್ನೊಂದು ಆಳದ ಗೋಡೆಯಲ್ಲಿ. ಆಳದ ಕಿಂಡಿಗೆ ಅಂಗೈ ಒಡ್ಡಿದೆ. ನೀರು ತಳ್ಳಲೇ ಇಲ್ಲ. ಬೆರಳಾಡಿಸಿದರೆ ಕಲ್ಲಿನಂತೆ ಗಟ್ಟಿಯಾದ ಸುಣ್ಣದ ಹೊಪ್ಪಳೆ. ಕಿಂಡಿ ಮುಚ್ಚಿಹೋಗಿತ್ತು. ಹಾಕಿದ ಕ್ಲೋರಿನ್ ಬಿಲ್ಲೆಗಳೆಲ್ಲ ಪಂಪಿನ ಪಕ್ಕದ ಡಬ್ಬದಲ್ಲಿ ಕರಗಿ, ಕಂಬಿಯ ಪಕ್ಕದಿಂದ ಹೊರಬಂದು, ಅಲ್ಲೇ ಸುತ್ತಿ, ಅಲ್ಲೇ ಪಕ್ಕದ ಹೊರಗಿಂಡಿಯಿಂದ ಪಂಪಿಗೆ ವಾಪಸು ಹೋಗುತ್ತಿದ್ದವು. ಅಣ್ಣ ದಿನಾ ಪರೀಕ್ಷೆ ಮಾಡುತ್ತಿದ್ದದ್ದು ಕೊಳದ ನೀರನ್ನಲ್ಲ, ಆಗ ತಾನೇ ಔಷಧಿ ಹಾಕಿದ ನೀರನ್ನು.

ಸಂತೋಷವಾಗಬೇಕಿತ್ತು. ನನಗೆ ಇನ್ನಷ್ಟು ಮೈ ಉರಿಯಿತು. ಈ ದರಿದ್ರ ಕಿಂಡಿಗಾಗಿ ಟೈಲರಮ್ಮ ತೋಳು ಮೂಸಿಕೊಂಡಿದ್ದಳು.

"ಅಣ್ಣ! ಬಾ ಇಲ್ಲಿ! ಇಲ್ಲಿ ನಿಂತು ನಿನ್ನ ಕಣ್ಣಾರೆ ನೋಡು!"

ಅವನು ಕಂಬಿಯವರೆಗೆ ಬಂದು ನಿಂತ. "ಅಲ್ಲಿಂದಲೇ ಹೇಳು."

"ಹೇಳೋದಲ್ಲ, ನೋಡೋದು. ಇಲ್ಲಿ ನೀರು ತೆಗಿ."

"ಅಪ್ಪ ತೆಗೀತಿದ್ದ ಜಾಗ ಇದು. ಅಪ್ಪನಿಗಿಂತ ಹೆಚ್ಚು ಗೊತ್ತಾ ನಿಂಗೆ?" ಎಂದವನು ಒಂದು ಹೆಜ್ಜೆಯೂ ಮುಂದಿಡದೆ ತಿರುಗಿ ಹೋದ.

ಒದ್ದೆ ಬಟ್ಟೆಯಲ್ಲೇ ಟಿಕೆಟ್ ಕಿಟಕಿಗೆ ಹೋಗಿ ಅಮ್ಮನ ಮುಂದೆ ಕೂಗಾಡಿದೆ. ಅಮ್ಮ ಯಾವಾಗಲೂ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡುವವಳು. ಅವತ್ತು ಮಾತ್ರ ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ ನೇರವಾಗಿ ಹೇಳಿದಳು.

"ನಿಮ್ಮಪ್ಪ ಅಲ್ಲಿ ನೀರು ತೆಗೀತಿದ್ದದ್ದು ಮಂಡಿನೋವಿಗೆ ಕಣೇ. ಬಗ್ಗೋಕೆ ಆಗ್ತಿರ್ಲಿಲ್ಲ, ಕಂಬಿ ಹಿಡ್ಕೊಳ್ತಿದ್ರು. ಅದರಲ್ಲಿ ಶಾಸ್ತ್ರ ಏನೂ ಇಲ್ಲ."

"ಇವನ ಮಂಡಿಗೆ ಏನಾಗಿದೆ?"

"ಇವನಿಗೆ ಹೆದರಿಕೆ. ಚಿಕ್ಕವನಿದ್ದಾಗ ಈಜು ಬರಲಿ ಅಂತ ನಿಮ್ಮಪ್ಪ ಆಳಕ್ಕೆ ತಳ್ಳಿಬಿಟ್ರು. ನೀರು ಕುಡಿದು ಮೇಲೆ ಬಂದವನು ಮತ್ತೆ ಇಳಿದಿಲ್ಲ. ಆ ಕಡೆ ಅಂಚಿಗೆ ಹೋದ್ರೆ ಈಗಲೂ ತಲೆ ಸುತ್ತುತ್ತೆ ಅವನಿಗೆ. ಸೈನಸ್ಸು ಗೀನಸ್ಸು ಎಲ್ಲ ನೆಪ. ಹೊರಗೆ ಆಡ್ಬೇಡ ಇದನ್ನ. ಈಜುಕೊಳದ ಯಜಮಾನನಿಗೆ ಈಜು ಬರಲ್ಲ ಅಂದ್ರೆ ಜನ ಆಡಿಕೊಂಡು ನಗ್ತಾರೆ."

ಅಣ್ಣನಿಗೆ ಸೈನಸ್ಸು, ಅದಕ್ಕೇ ನೀರಿಗೆ ಇಳಿಯುವುದಿಲ್ಲ ಎಂದೇ ನಾನು ನಂಬಿದ್ದೆ. ಕೇಳಿ ಕರುಳು ಚುರುಕ್ಕೆಂದದ್ದು ಸುಳ್ಳಲ್ಲ. ಬಾಯಿ ಬಿಡುವುದಿಲ್ಲ ಎಂದು ಅಮ್ಮನಿಗೆ ಮಾತು ಕೊಟ್ಟೆ. ನೀರು ತಿಳಿಯಾದರೆ ಸಾಕು, ಅವನೇ ಬಾಯಿ ಮುಚ್ಚಿಕೊಂಡು ಬೋರ್ಡು ಕಿತ್ತುಹಾಕುತ್ತಾನೆ ಎಂದುಕೊಂಡೆ. ಎಂಥ ಪೆದ್ದಿ ನಾನು.

ಕೊಳ ಹೇಗೂ ಮುಚ್ಚಿತ್ತು. ಸ್ಕ್ರೂಡ್ರೈವರ್ ಹಿಡಿದು ಮುಳುಗಿ ಮುಳುಗಿ ಕಿಂಡಿಯ ಸುಣ್ಣ ಕೆತ್ತಿದೆ. ಕೊನೆಗೊಮ್ಮೆ ನೀರು ರಭಸದಿಂದ ಮುಖಕ್ಕೆ ರಾಚಿದಾಗ ನೀರಿನೊಳಗೇ ಕೂಗಿದೆ. ಆಮೇಲೆ ನೀರಿನ ಸುಣ್ಣ ತಗ್ಗಿಸಲು ಆಸಿಡ್. ಕೈಗೆ ಗ್ಲೌಸು, ಕಣ್ಣಿಗೆ ಕನ್ನಡಕ. ಬಕೆಟ್ಟಿನ ನೀರಿಗೆ ಆಸಿಡ್ ಬೀಳಬೇಕೇ ಹೊರತು ಆಸಿಡ್ಡಿಗೆ ನೀರು ಬೀಳಬಾರದು. ಪಂಪು ಓಡುತ್ತಿರುವಾಗ ಆಳದ ಕಡೆ ಸ್ವಲ್ಪ ಸ್ವಲ್ಪವೇ ಸುರಿದು, ಕಾದು, ಮತ್ತೆ ನೀರು ತೆಗೆದು ನೋಡಿದೆ. ನೇರಳೆ ಕೆಂಪಾಗಿ, ಕೆಂಪು ಕೇಸರಿಯಾಗುವವರೆಗೆ ಕ್ಲೋರಿನ್ ಡಬ್ಬದ ಮುಚ್ಚಳ ತೆಗೆಯಲಿಲ್ಲ. ಆಸಿಡ್ಡೂ ಕ್ಲೋರಿನ್ನೂ ಒಂದನ್ನೊಂದು ಮುಟ್ಟಿದರೆ ಏಳುವ ಹೊಗೆ ಎದೆ ಸುಟ್ಟುಬಿಡುತ್ತದೆ. ಮರುದಿನ ಬಿಸಿಲು ಇಳಿದ ಮೇಲೆ, ಬಿಸಿಲಿದ್ದರೆ ಅರ್ಧ ಕ್ಲೋರಿನ್ನನ್ನು ಅದೇ ತಿಂದುಹಾಕುತ್ತದೆ, ಕ್ಲೋರಿನ್ ಪುಡಿಯನ್ನು ಧಾರಾಳವಾಗಿ ಹಾಕಿ ಗೋಡೆ, ಮೂಲೆ, ಮೆಟ್ಟಿಲ ಸಂದಿ ಎಲ್ಲ ಉಜ್ಜಿದೆ. ಪ್ರತಿ ಉಜ್ಜಿಗೂ ಅಣ್ಣನಿಗೆ ಒಂದು ಬೈಗುಳ.

ಬೆಳಿಗ್ಗೆ ನೋಡಿದರೆ ಹಸಿರು ಹೋಗಿ ಇಡೀ ಕೊಳ ಬೂದಿ ಕಲಸಿದ ಹಾಗಾಗಿತ್ತು. ಅಣ್ಣ ದೂರದಲ್ಲಿ ನಿಂತು, "ಮೊದಲಿಗಿಂತ ಹಾಳು ಮಾಡಿದೆ ನೋಡು" ಎಂದ. ಸತ್ತ ಪಾಚಿ ಹಾಗೇ ಕಾಣುವುದು ಎಂದು ಅವನಿಗೆ ಹೇಳುವುದೂ ಒಂದೇ, ಗೋಡೆಗೆ ಹೇಳುವುದೂ ಒಂದೇ. ಫಿಲ್ಟರ್ ಕಟ್ಟಿಕೊಂಡಾಗಲೆಲ್ಲ ನೀರನ್ನು ಹಿಂದುಮುಂದಾಗಿ ಹರಿಸಿ ಕೊಳೆ ಹೊರಗೆ ಬಿಟ್ಟೆ. ತಳಕ್ಕೆ ಕೂತ ಕೆಸರನ್ನು ಹೀರುವ ಪೈಪಿನಿಂದ ಎಳೆದು ಚರಂಡಿಗೆ ಹಾಕಿದೆ. ಭುಜ ಬಿದ್ದುಹೋಗುವಷ್ಟು ದುಡಿದೆ. ಅಣ್ಣ ಅಷ್ಟೂ ದಿನ ನೆರಳಲ್ಲಿ ಕೂತು ಫೋನಿನಲ್ಲಿ ಮಾತಾಡಿದ.

ವಾರ ಕಳೆಯುವ ಹೊತ್ತಿಗೆ ಆಳದ ತಳದ ಹಂಚುಗಳ ಸಂದುಗಳು ಗೆರೆ ಗೆರೆಯಾಗಿ ಕಂಡವು. ಕುರ್ಚಿ ಹತ್ತಿ ನೋಡಿದೆ. ತಳದಲ್ಲಿ ಬಿದ್ದ ಒಂದು ಹೇರ್‌ಪಿನ್ನು ಕೂಡ ಕಾಣುತ್ತಿತ್ತು. ಟೈಲರಮ್ಮನಿಗೆ ಫೋನು ಮಾಡಿ, "ನಾಳೆ ಎಲ್ಲರನ್ನೂ ಕರ್ಕೊಂಡು ಬಾ" ಎಂದೆ.

ಮರುದಿನ ಹೆಂಗಸರು ಬಂದರು. ಹುಡುಗರೂ ಬಂದಿದ್ದರು, ಅದೇ ಹೊತ್ತಿಗೆ, ಚಡ್ಡಿ ಟವೆಲ್ಲು ಸಮೇತ. ಬೋರ್ಡು ಗೇಟಿನ ಮೇಲೆ ಹಾಗೇ ಇತ್ತು. ಒಳಗೆ ಅಣ್ಣ ಕೊಳದ ಪಕ್ಕ ನಿಂತು ಮೇಷ್ಟ್ರಿಗೆ ನೀರು ತೋರಿಸುತ್ತಿದ್ದ.

"ಹೆಂಗಸರನ್ನ ನಿಲ್ಲಿಸಿದ್ದೇ ತಡ, ನೋಡಿ ಸಾರ್. ಕನ್ನಡಿ! ನಾನು ಹೇಳ್ಲಿಲ್ವಾ?"

ಗೇಟಿನ ಸರಳುಗಳ ಆಚೆ ಟೈಲರಮ್ಮ ತಲೆ ತಗ್ಗಿಸಿದ್ದು ನನಗೆ ಕಂಡಿತು. ಭುಜ ಬೀಳುವ ಹಾಗೆ ಉಜ್ಜಿದವಳು ನಾನು, ಆಸಿಡ್ಡಿನ ಘಾಟು ಕುಡಿದವಳು ನಾನು. ನೀರು ತಿಳಿಯಾದದ್ದು ಮಾತ್ರ ಅವನ ಸುಳ್ಳಿಗೆ ಸಾಕ್ಷಿಯಾಗಿತ್ತು.

ಆದರೂ ಮೊದಲು ನ್ಯಾಯವಾಗಿಯೇ ಕೇಳಿದೆ. "ಸರಿ ಅಣ್ಣ. ಒಂದು ವಾರ ಹುಡುಗರಿಗೆ ರಜೆ ಕೊಡು, ಹೆಂಗಸರು ಮಾತ್ರ ಇಳೀಲಿ. ನೀರು ಕೆಟ್ರೆ ನಾನೇ ಬ್ಯಾಚು ಮುಚ್ತೀನಿ. ಇನ್ಯಾವತ್ತೂ ಕೇಳಲ್ಲ."

ಅವನು ನನ್ನ ಮೊಣಕೈ ಹಿಡಿದು ಪಕ್ಕಕ್ಕೆ ಎಳೆದು ಪಿಸುಗುಟ್ಟಿದ. "ನೀರಿನ ಮಾತು ಬಿಡೇ ಇನ್ನ. ಶಾಲೆಯವರಿಗೆ ಬೆಳಗಿನ ಹೊತ್ತೇ ಬೇಕಂತೆ. ನಾನು ಒಪ್ಪಿಕೊಂಡಾಗಿದೆ."

"ಯಾವಾಗ ಒಪ್ಪಿಕೊಂಡೆ?"

ಅವನು ಮುಖ ಹುಳ್ಳಗೆ ಮಾಡಿದ. "ಆಗಲೇ. ನೀರು ಕೆಡೋಕೆ ಮುಂಚೆ."

ಅಂದರೆ ಎಣ್ಣೆಯೂ ಇಲ್ಲ, ಪೌಡರೂ ಇಲ್ಲ. ಹೊತ್ತು ಬೇಕಿತ್ತು, ಹೆಂಗಸರ ಹತ್ತಿರ ಹೋಗಿ ಬಾಯಿಬಿಟ್ಟು ಕೇಳಲು ಧೈರ್ಯವಿರಲಿಲ್ಲ. ಅದಕ್ಕೇ ಅವರನ್ನು ಕೊಳಕು ಮಾಡಿಬಿಟ್ಟ. ನೀರು ಕೆಟ್ಟದ್ದು ಅವನಿಗೆ ಅನುಕೂಲವೇ ಆಯಿತು.

ನಾನು ಮೊಣಕೈ ಬಿಡಿಸಿಕೊಂಡು ಬಂದು ಕಾವಲು ಕುರ್ಚಿಯ ಬುಡದಲ್ಲಿ ಕೈಕಟ್ಟಿ ನಿಂತೆ. "ಹೆಂಗಸರು ಒಳಗೆ ಬರೋವರೆಗೆ ನಾನು ಇದನ್ನ ಹತ್ತಲ್ಲ. ಕುರ್ಚಿಯಲ್ಲಿ ಯಾರೂ ಇಲ್ಲದೆ ಒಬ್ಬರೂ ನೀರಿಗೆ ಇಳಿಯೋ ಹಾಗಿಲ್ಲ."

ಹುಡುಗರು ಮುಖ ಮುಖ ನೋಡಿಕೊಂಡರು. ಮೇಷ್ಟ್ರು ಅಣ್ಣನ ಕಡೆ ನೋಡಿದರು. ಅವರಿಗೆ ಓಟ ಗೊತ್ತು, ಈಜು ಗೊತ್ತಿಲ್ಲ. ಅದನ್ನು ಮೊದಲ ದಿನವೇ ಮುಚ್ಚುಮರೆಯಿಲ್ಲದೆ ಹೇಳಿದ್ದರು.

"ಇವಳ ಹಟ ಇದ್ದದ್ದೇ ಸಾರ್" ಎಂದು ನಗುತ್ತ ಅಣ್ಣ ನನ್ನನ್ನು ಸರಿಸಿ, ಕುರ್ಚಿಯ ಏಣಿ ಹತ್ತಿ ಕೂತುಬಿಟ್ಟ. "ನಾನು ಕಾಯ್ತೀನಿ. ಇಳೀರಿ ಮಕ್ಕಳೇ."

ಕುರ್ಚಿ ಇರುವುದು ಆಳದ ಅಂಚಿನಲ್ಲಿ. ಅವನು ಎರಡೂ ಕೈಗಳಿಂದ ಅದರ ತೋಳುಗಳನ್ನು ಬಿಗಿಹಿಡಿದಿದ್ದ. ಕಣ್ಣು ನೀರಿನ ಮೇಲೆ ಇರಲಿಲ್ಲ, ಎದುರಿನ ಗೋಡೆಯ ಮೇಲಿತ್ತು. ಮುಂದಿನ ಸಾಲಿನ ಹುಡುಗ ಅಂಚಿಗೆ ಬಂದು ಹಾರಲು ಕೈ ಎತ್ತಿದ. ನನ್ನ ಕಣ್ಣೆದುರು ಮತ್ತೇನೂ ಉಳಿಯಲಿಲ್ಲ. ಇವನು ಈ ಸುಳ್ಳಿಗಾಗಿ ಒಂದು ಮಗುವನ್ನೂ ಕೊಲ್ಲಬಲ್ಲ ಎನಿಸಿತು.

"ನಿಲ್ಲೋ!" ಎಂದು ಹುಡುಗನ ರಟ್ಟೆ ಹಿಡಿದೆ. "ಮೇಷ್ಟ್ರೇ, ನಿಮ್ಮ ಹುಡುಗ ಮುಳುಗಿದ್ರೆ ಇವನು ಹಾರಿ ಎತ್ತುತ್ತಾನಾ ಅಂತ ಕೇಳಿ."

ಟಿಕೆಟ್ ಕಿಟಕಿಯಿಂದ ಅಮ್ಮ ನನ್ನನ್ನು ಕರೆದಳು. ಕೇಳಿದರೂ ತಿರುಗಲಿಲ್ಲ.

"ಕೇಳಿ ಮೇಷ್ಟ್ರೇ! ನಮ್ಮಣ್ಣನಿಗೆ ಈಜು ಬರಲ್ಲ. ಸೊಂಟದುದ್ದದ ನೀರಿಗೂ ಇಳಿದವನಲ್ಲ. ನೀರು ಪರೀಕ್ಷೆ ಮಾಡೋಕೂ ಆ ಕಂಬಿ ಬಿಟ್ಟು ಈ ಕಡೆ ಬರಲ್ಲ. ಕೊಳ ಕೆಟ್ಟದ್ದು ಅದಕ್ಕೆ, ಹೆಂಗಸರಿಂದಲ್ಲ!"

ಮೇಷ್ಟ್ರು ಕುರ್ಚಿಯ ಕೆಳಗೆ ಬಂದು ನಿಂತು ತಲೆಯೆತ್ತಿ, ಮೆತ್ತಗೆ ಕೇಳಿದರು. "ಹೌದಾ? ಬರಲ್ವಾ ನಿಮಗೆ?"

ಅಣ್ಣ ಇಳಿಯಲು ನೋಡಿದ, ಆಗಲಿಲ್ಲ. ಏಣಿ ಇಳಿಯಬೇಕಾದರೆ ಕೆಳಗೆ ನೋಡಬೇಕು, ನೋಡಿದರೆ ತಿಳಿನೀರಿನಲ್ಲಿ ತಳದವರೆಗೆ ಆಳವೆಲ್ಲ ಕಾಣುತ್ತಿತ್ತು. ಕೊನೆಗೆ ನಾನೇ ಎರಡು ಮೆಟ್ಟಿಲು ಹತ್ತಿ ಅವನ ಪಾದ ಹಿಡಿದು ಒಂದೊಂದಾಗಿ ಮೆಟ್ಟಿಲ ಮೇಲೆ ಇಡಿಸಿದೆ. ಆಗಲಾದರೂ ನನಗೆ ಮರುಕ ಬರಬೇಕಿತ್ತು. ಬರಲಿಲ್ಲ.

ಮೇಷ್ಟ್ರು ಹುಡುಗರನ್ನು ಸಾಲಾಗಿ ನಿಲ್ಲಿಸಿದರು. "ಸಂಜೆ ಹೊತ್ತಿಗೆ ಬರ್ತೀವಿ, ನೀವು ಕುರ್ಚಿಯಲ್ಲಿ ಇದ್ರೆ ಮಾತ್ರ" ಎಂದು ನನಗೆ ಹೇಳಿ ಹೊರಟರು. ಅಮ್ಮ ಕಿಟಕಿ ಬಿಟ್ಟು ಎದ್ದು ಬಂದಳು. ನನ್ನ ಮುಖ ನೋಡದೆ ನೇರ ಗೇಟಿಗೆ ಹೋಗಿ ಬೋರ್ಡು ಕಿತ್ತು ಕಂಕುಳಲ್ಲಿ ಇಟ್ಟುಕೊಂಡು, "ಬನ್ನಿ ಒಳಗೆ" ಎಂದಳು. ಹೆಂಗಸರು ಬಂದರು, ಎಂದಿನಂತೆ ಷವರಿಗೆ ಹೋದರು, ಟೋಪಿ ಹಾಕಿಕೊಂಡರು. ಟೈಲರಮ್ಮ ಎಲ್ಲರಿಗಿಂತ ಮೊದಲು ಇಳಿದಳು.

ಅಣ್ಣ ಬೆಂಚಿನ ಮೇಲೆ ಕೂತಿದ್ದ. ಬೆವರು ಒರೆಸಿಕೊಂಡು, ನೆಲ ನೋಡುತ್ತ ಕೇಳಿದ. "ಎಲ್ಲರ ಮುಂದೆ ಹೇಳ್ಬೇಕಿತ್ತಾ?"

"ಅವರನ್ನ ಗಲೀಜು ಅಂದೆಯಲ್ಲ, ಅದನ್ನ ಯಾರ ಮುಂದೆ ಅಂದೆ?"

ಅವನು ತಲೆಯೆತ್ತಿದ. ಏನೋ ಹೇಳಲು ಬಾಯಿ ತೆರೆದ. ನಾನು ಕಾಯಲಿಲ್ಲ. ನೀರಿನಲ್ಲಿ ಜನ ಇದ್ದರು, ಹೋಗಿ ಕುರ್ಚಿ ಹತ್ತಿದೆ.